ಸಿನಿಮಾದ ವಿಚಿತ್ರ ಜನ ಇಷ್ಟ, ಮನೆಯವರು ಮಾತ್ರ ಬೋರು

ಪ್ರಶ್ನೆ: ನನಗೆ 32 ವರ್ಷ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮದುವೆಯಾಗಿ ನಾಲ್ಕು ವರ್ಷ. ಮನೆಯಲ್ಲೇ ನೋಡಿ ಮಾಡಿದ್ದು. ನಮ್ಮನೆಯವರದು ಹಾರ್ಡ್‌ವೇರ್ ಅಂಗಡಿ. ಒಳ್ಳೆಯವರು. ಜಗಳ ಇಲ್ಲ, ಬೈಗುಳ ಇಲ್ಲ. ಹತ್ತಕ್ಕೆಲ್ಲ ಮಲಗಿಬಿಡುತ್ತಾರೆ. ಆಮೇಲೆ ನಾನು ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ಸಿನಿಮಾ ನೋಡುತ್ತೇನೆ. ಮಾಮೂಲಿ ಸಿನಿಮಾ ಅಲ್ಲ, ಸ್ವಲ್ಪ ವಿಚಿತ್ರವಾದವು. ನೆನಪು ಅಳಿಸಿಕೊಳ್ಳುವ ಪ್ರೇಮಿಗಳು, ಗೊಂಬೆಯನ್ನು ಪ್ರೀತಿಸುವವನು, ಗೊತ್ತುಗುರಿ ಇಲ್ಲದೆ ತಿರುಗುವ ಮುದುಕ. ಬದುಕು ಅಂದರೆ ಇದು, ಪ್ರೀತಿ ಅಂದರೆ ಇದು ಅನ್ನಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮನೆಯವರು ಸ್ಕೂಟರ್‌ಗೆ ಎಷ್ಟು ಪೆಟ್ರೋಲ್ ಹಾಕಿಸಿದೆ, ಎಷ್ಟು ಕಿಲೋಮೀಟರ್ ಓಡಿತು ಅಂತ ಪುಟ್ಟ ಡೈರಿಯಲ್ಲಿ ಬರೆಯುತ್ತಾ ಕೂತಿರುತ್ತಾರೆ. ಒಂಬತ್ತು ವರ್ಷದಿಂದ ಬರೆಯುತ್ತಿದ್ದಾರಂತೆ! ಒಂದು ಸಲ ಒತ್ತಾಯ ಮಾಡಿ ‘ದಿ ಲಾಬ್‌ಸ್ಟರ್’ ನೋಡಲು ಕೂರಿಸಿದೆ. ಇಪ್ಪತ್ತು ನಿಮಿಷಕ್ಕೆ ಗೊರಕೆ. ಈ ಸಿನಿಮಾಗಳು ನನ್ನ ತಲೆ ಕೆಡಿಸಿವೆಯಾ? ನಮ್ಮಿಬ್ಬರ ನಡುವೆ ಪ್ರೀತಿ ಇದೆಯಾ, ಇಲ್ಲವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ‘ದಿ ಲಾಬ್‌ಸ್ಟರ್’ ನೋಡುತ್ತಾ ಗೊರಕೆ ಹೊಡೆದದ್ದಕ್ಕೆ ನಿಮ್ಮವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಗಿನಿಂದ ಪೈಪು, ಮೊಳೆ, ಪೇಂಟ್ ಡಬ್ಬ ಅಂತ ನಿಂತೇ ಇದ್ದು ಬಂದವರನ್ನು ರಾತ್ರಿ ಊಟ ಆದಮೇಲೆ ಆ ಸಿನಿಮಾ ಮುಂದೆ ಕೂರಿಸಿದ್ದು ಸ್ವಲ್ಪ ಅನ್ಯಾಯವೇ. ಇಪ್ಪತ್ತು ವರ್ಷದಿಂದ ನಾನು ಗಂಡ ಹೆಂಡತಿಯರ ಮಾತು ಕೇಳುತ್ತಾ ಬಂದಿದ್ದೇನೆ. ಅದು ನನ್ನ ಕೆಲಸ. ಅದಕ್ಕೂ ಮುಂಚಿನಿಂದ ಇಂಥ ತಿಕ್ಕಲು ಸಿನಿಮಾ ನೋಡುತ್ತಿದ್ದೇನೆ. ಅದು ನನ್ನ ಚಟ. ನಿಮ್ಮ ಪತ್ರ ಎರಡೂ ಕಡೆಯಿಂದ ಬಂದು ಬಡಿಯಿತು.

ನಿಮ್ಮವರು ನಿದ್ದೆ ಹೋದಮೇಲೆ ಆ ಸಿನಿಮಾದಲ್ಲಿ ಏನೇನಾಯಿತು, ನೆನಪು ಮಾಡಿಕೊಳ್ಳಿ. 2015ರ ಸಿನಿಮಾ. ನಿರ್ದೇಶಕ ಗ್ರೀಸ್ ದೇಶದ ಯೋರ್ಗೊಸ್ ಲಾಂತಿಮೊಸ್. ಅಲ್ಲಿ ಒಂಟಿಯಾಗಿರುವುದೇ ತಪ್ಪು. ಜೋಡಿ ಇಲ್ಲದವರನ್ನು ಒಂದು ಹೋಟೆಲಿಗೆ ತಂದು ಹಾಕುತ್ತಾರೆ. 45 ದಿನದೊಳಗೆ ಜೊತೆ ಸಿಗದಿದ್ದರೆ ಅವರವರೇ ಆರಿಸಿಕೊಂಡ ಪ್ರಾಣಿಯಾಗಿ ಮಾಡಿಬಿಡುತ್ತಾರೆ. ನಾಯಕ ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ ಸಮುದ್ರ ಜೀವಿ) ಆಗುತ್ತೇನೆ ಅನ್ನುತ್ತಾನೆ, ಅದು ನೂರು ವರ್ಷಕ್ಕೂ ಮೇಲೆ ಬದುಕುತ್ತದಂತೆ ಅಂತ. ಇಷ್ಟೇ ಆಗಿದ್ದರೆ ಸುಮ್ನೆ ತಮಾಷೆ. ಆದರೆ ಜೋಡಿಯಾಗಲು ಅಲ್ಲಿ ಒಂದು ಷರತ್ತಿದೆ. ಇಬ್ಬರಿಗೂ ಒಂದೇ ಲಕ್ಷಣ ಇರಬೇಕು. ಕುಂಟುವ ಒಬ್ಬ ಮನುಷ್ಯನಿಗೆ ಒಬ್ಬ ಹುಡುಗಿ ಇಷ್ಟವಾಗುತ್ತಾಳೆ. ಅವಳಿಗೆ ಆಗಾಗ ಮೂಗಿನಿಂದ ರಕ್ತ ಸುರಿಯುತ್ತದೆ. ಇವನು ಯಾರೂ ಇಲ್ಲದಾಗ ತನ್ನ ಮೂಗನ್ನು ತಾನೇ ಜಜ್ಜಿಕೊಂಡು ರಕ್ತ ಬರಿಸಿಕೊಳ್ಳುತ್ತಾನೆ. ನನಗೂ ಹೀಗೇ ಆಗುತ್ತೆ ನೋಡು ಅಂತ.

ನಮ್ಮ ಕಡೆ ಜಾತಕ ಹಿಡಿದು 36 ಗುಣದಲ್ಲಿ ಎಷ್ಟು ಕೂಡಿತು ಅಂತ ಲೆಕ್ಕ ಹಾಕುತ್ತಾರಲ್ಲ, ಓದಿದವರು ನಾವು ಅದನ್ನು ನೋಡಿ ನಗುತ್ತೇವೆ. ‘ನನಗೆ ಇಷ್ಟವಾದ ಸಿನಿಮಾ ಅವರಿಗೂ ಇಷ್ಟವಾಗಬೇಕು’ ಅನ್ನುವುದು 37ನೇ ಗುಣ, ಅಷ್ಟೇ. ಆ ರಾತ್ರಿ ನಿಮ್ಮವರು ಎಚ್ಚರವಾಗಿದ್ದು, ‘ಅಬ್ಬಾ ಎಂಥ ಸಿನಿಮಾ’ ಅಂದಿದ್ದರೆ? ಮೂಗು ಜಜ್ಜಿಕೊಂಡ ಹಾಗೇ ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ನಿದ್ದೆ ಬಂತು, ಮಲಗಿದರು. ನನ್ನನ್ನು ಕೇಳಿದರೆ ಅದು ಪ್ರಾಮಾಣಿಕತೆ. ಇನ್ನೂ ಒಂದು ಮಾತು. ಇಷ್ಟವಿಲ್ಲದಿದ್ದರೂ ಬಂದು ಕೂತರಲ್ಲ, ಅದನ್ನು ನೀವು ಲೆಕ್ಕಕ್ಕೇ ಇಟ್ಟಿಲ್ಲ.

ಈಗ ಆ ಡೈರಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದೇ. ನೀವು ದೂರು ಅಂತ ಬರೆದಿದ್ದೀರಿ. ನಾನು ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಸಲ ಓದಿದೆ. ಒಂಬತ್ತು ವರ್ಷ! ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದಾಗೆಲ್ಲ ಮೀಟರ್ ನೋಡಿ, ನೆನಪಿಟ್ಟುಕೊಂಡು, ಮನೆಗೆ ಬಂದು ಬರೆಯುವ ಮನುಷ್ಯ. ಇಂಥವನು ಸಿನಿಮಾದಲ್ಲಿ ಬಂದಿದ್ದರೆ ನೀವು ಗೆಳತಿಗೆ ಫೋನ್ ಮಾಡಿ ‘ಏನ್ ಕ್ಯಾರೆಕ್ಟರ್ ಗೊತ್ತಾ’ ಅನ್ನುತ್ತಿದ್ದಿರಿ. ನಿಮ್ಮ ಮನೆಯ ಊಟದ ಟೇಬಲ್ ಮುಂದೆ ಕೂತಿದ್ದಾನೆ, ಅದಕ್ಕೇ ಬೋರು.

ಹಾಗೆ ನಿಜವಾಗಲೂ ಸಿನಿಮಾದಲ್ಲಿ ಬಂದವನೊಬ್ಬ ಇದ್ದಾನೆ. ‘ಪಂಚ್ ಡ್ರಂಕ್ ಲವ್’ ನೋಡಿದ್ದೀರಾ? 2002ರದ್ದು, ಪಾಲ್ ಥಾಮಸ್ ಆಂಡರ್ಸನ್ ಮಾಡಿದ್ದು. ಬ್ಯಾರಿ ಅಂತ ಒಬ್ಬ. ಏಳು ಜನ ಅಕ್ಕತಂಗಿಯರು. ಎಲ್ಲರೂ ಸೇರಿ ಅವನನ್ನು ಚಿಕ್ಕಂದಿನಿಂದ ಗೋಳು ಹುಯ್ದುಕೊಂಡಿದ್ದಾರೆ. ಟಾಯ್ಲೆಟ್ ಕಟ್ಟಿಕೊಂಡರೆ ಒತ್ತುವ ರಬ್ಬರ್ ಬಟ್ಟಲಿನ ಕೋಲು ಇದೆಯಲ್ಲ, ಅದನ್ನು ಮಾರುವ ವ್ಯಾಪಾರ. ನಿಮ್ಮವರ ಅಂಗಡಿಯಲ್ಲೂ ಇರುತ್ತದೆ! ಅವನಿಗೆ ಒಂದು ಲೆಕ್ಕ ಕಣ್ಣಿಗೆ ಬೀಳುತ್ತದೆ. ಒಂದು ಕಂಪನಿಯ ತಿಂಡಿ ಪೊಟ್ಟಣ ಕೊಂಡರೆ ವಿಮಾನದ ಮೈಲಿ ಬಹುಮಾನ, ಅವನ್ನು ಕೂಡಿಟ್ಟರೆ ಪುಕ್ಕಟೆ ವಿಮಾನ ಟಿಕೆಟ್. ಅದರಲ್ಲಿ ಪುಡ್ಡಿಂಗ್ ಕಪ್ ಎಷ್ಟು ಅಗ್ಗ ಅಂದರೆ, ಕೊಟ್ಟ ದುಡ್ಡಿಗಿಂತ ಸಿಗುವ ಮೈಲಿಯ ಬೆಲೆಯೇ ಜಾಸ್ತಿ. ಬ್ಯಾರಿ ಪುಡ್ಡಿಂಗ್ ಕೊಂಡು ಗೋಡೌನಿನಲ್ಲಿ ರಾಶಿ ಹಾಕುತ್ತಾನೆ. ವಿಮಾನದಲ್ಲಿ ಎಲ್ಲಿಗಾದರೂ ಹೋಗಬೇಕು ಅಂತ ಅಲ್ಲ, ಅವನು ವಿಮಾನ ಹತ್ತಿದವನೇ ಅಲ್ಲ.

ಇದು ಕಟ್ಟುಕಥೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಫಿಲಿಪ್ಸ್ ಅನ್ನುವ ಸಿವಿಲ್ ಎಂಜಿನಿಯರ್ 1999ರಲ್ಲಿ ಇದನ್ನೇ ಮಾಡಿದ್ದರು. ಸುಮಾರು 12 ಸಾವಿರ ಕಪ್ ಪುಡ್ಡಿಂಗ್. ಖರ್ಚು ಸುಮಾರು 3 ಸಾವಿರ ಡಾಲರ್. ಸಿಕ್ಕಿದ್ದು 12 ಲಕ್ಷಕ್ಕೂ ಹೆಚ್ಚು ಮೈಲಿ. ಆ ಸುದ್ದಿಯಿಂದಲೇ ಸಿನಿಮಾದ ಪುಡ್ಡಿಂಗ್ ಹುಟ್ಟಿದ್ದು.

ಆಮೇಲೆ ಬ್ಯಾರಿಗೆ ಲೀನಾ ಸಿಗುತ್ತಾಳೆ. ಅವಳಿಗೆ ಕೆಲಸದ ಮೇಲೆ ಊರೂರು ತಿರುಗಬೇಕು. ಕೊನೆಯಲ್ಲಿ ಅವನು ಅವಳ ಬಾಗಿಲಿಗೆ ಬಂದು ಏನು ಹೇಳುತ್ತಾನೆ ಗೊತ್ತಾ? ಆರೆಂಟು ವಾರ ಟೈಮ್ ಕೊಡು, ಈ ಮೈಲಿಗಳೆಲ್ಲ ನನ್ನ ಹೆಸರಿಗೆ ಬರುತ್ತವೆ, ಆಮೇಲೆ ನೀನು ಕೆಲಸಕ್ಕೆ ಎಲ್ಲಿ ಹೋದರೂ ನಾನೂ ಬರಬಹುದು. ಕವಿತೆ ಇಲ್ಲ, ಹೂವಿಲ್ಲ. ಮೈಲೇಜ್ ಲೆಕ್ಕ. ನಾನು ನೋಡಿದ ಸಿನಿಮಾಗಳಲ್ಲಿ ಪ್ರೀತಿಯನ್ನು ಇಷ್ಟು ಸರಿಯಾಗಿ ಹೇಳಿದ ಮಾತು ಕಡಿಮೆ. ಅವನ ಹತ್ತಿರ ಇದ್ದದ್ದು ಅದೊಂದೇ ಭಾಷೆ, ಅದರಲ್ಲೇ ಹೇಳಿದ. ಆ ಸಿನಿಮಾದಲ್ಲಿ ಒಂದು ಹಾರ್ಮೋನಿಯಂ ಕೂಡ ಇದೆ. ಯಾರೋ ರಸ್ತೆಯಲ್ಲಿ ಇಳಿಸಿ ಹೋದದ್ದು. ತಿದಿ ತೂತಾಗಿದೆ. ಬ್ಯಾರಿ ಅದಕ್ಕೆ ಟೇಪ್ ಹಚ್ಚುತ್ತಾನೆ. ನಾಟಕ ಕಂಪನಿಗಳ ಕಾಲುಪೆಟ್ಟಿಗೆಯ ಸದ್ದು ಕೇಳಿ ಬೆಳೆದವಳು ನಾನು. ಆ ದೃಶ್ಯ ಬಂದಾಗೆಲ್ಲ ಸಿನಿಮಾ ನಿಲ್ಲಿಸಿ ಇನ್ನೊಂದು ಸಲ ನೋಡುತ್ತೇನೆ.

ನಿಮ್ಮವರ ಡೈರಿಯಲ್ಲೂ ಪ್ರೀತಿ ಅಡಗಿದೆ ಅಂತ ನಾನು ಹೇಳುತ್ತಿಲ್ಲ. ಅದು ಬರೀ ಪೆಟ್ರೋಲ್ ಲೆಕ್ಕವೇ ಇರಬಹುದು. ನಾನು ಕೇಳುವುದು ಬೇರೆ. ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಅದನ್ನು ತೆರೆದು ನೋಡಿದ್ದೀರಾ? ಯಾಕೆ ಶುರು ಮಾಡಿದಿರಿ ಅಂತ ಕೇಳಿದ್ದೀರಾ? ಪತ್ರದಲ್ಲಿ ‘ಬರೆಯುತ್ತಿದ್ದಾರಂತೆ’ ಅಂತ ಇದೆ. ಆ ‘ಅಂತೆ’ ನನಗೆ ಚುಚ್ಚಿತು. ಪಕ್ಕದ ಮನೆಯವರ ವಿಷಯ ಹೇಳುವಾಗ ನಾವು ‘ಅಂತೆ’ ಅನ್ನುತ್ತೇವೆ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೀವು ನೋಡಿಯೇ ಇರುತ್ತೀರಿ. 2016ರ ಸಿನಿಮಾ, ಹೇಮಂತ್ ರಾವ್ ನಿರ್ದೇಶನ. ಮರೆವಿನ ಕಾಯಿಲೆ ಇರುವ ತಂದೆ ಕಳೆದುಹೋಗುತ್ತಾರೆ. ಅನಂತ್ ನಾಗ್ ಆ ಪಾತ್ರದಲ್ಲಿ. ಮಗ ಹುಡುಕುತ್ತಾ ಹೋಗುತ್ತಾನೆ, ಹುಡುಕುತ್ತಾ ಹುಡುಕುತ್ತಾ ಅಪ್ಪ ಯಾರು ಅನ್ನುವುದು ಅವನಿಗೆ ಗೊತ್ತಾಗುತ್ತಾ ಬರುತ್ತದೆ. ನನಗೆ ಕಥೆಗಿಂತ ಆ ಹೆಸರೇ ಜಾಸ್ತಿ ಕಾಡಿತು. ಕಾಣೆಯಾದವರ ಪ್ರಕಟಣೆಯಲ್ಲಿ ನಾವು ದಿನಾ ಓದುವ ಸಾಲು ಅದು. ಒಬ್ಬ ಮನುಷ್ಯನ ಇಡೀ ಬದುಕು ನಾಲ್ಕು ಪದದಲ್ಲಿ ಮುಗಿದುಹೋಯಿತು. ಅದನ್ನು ಓದಿ ಯಾರನ್ನು ಬೇಕಾದರೂ ಹಿಡಿದು ತರಬಹುದು.

ನಿಮ್ಮ ಪತ್ರದಲ್ಲಿ ನಿಮ್ಮವರ ವಿವರ ಹೀಗಿದೆ: ಒಳ್ಳೆಯವರು, ಜಗಳ ಇಲ್ಲ, ಹತ್ತಕ್ಕೆ ಮಲಗುತ್ತಾರೆ. ದಾವಣಗೆರೆಯಲ್ಲಿ ಈ ವಿವರಕ್ಕೆ ಹೊಂದುವ ಗಂಡಂದಿರು ಎಷ್ಟು ಸಾವಿರ ಇದ್ದಾರೋ. ಡೈರಿಯ ಮಾತು ಬಂದಾಗ ಮಾತ್ರ ಅವರೊಬ್ಬರೇ ಕಾಣಿಸಿದರು.

ನನ್ನ ಹತ್ತಿರ ಬರುವ ಜೋಡಿಗಳಿಗೆ ನಾನು ಕೊಡುವ ಒಂದು ಸಣ್ಣ ಕೆಲಸ ಇದೆ. ‘ಅಮೆಲಿ’ ಅನ್ನುವ 2001ರ ಫ್ರೆಂಚ್ ಸಿನಿಮಾದಿಂದ ಕದ್ದದ್ದು. ಅದರಲ್ಲಿ ಪಾತ್ರಗಳನ್ನು ಪರಿಚಯಿಸುವ ರೀತಿಯೇ ಬೇರೆ. ವಯಸ್ಸು, ಕೆಲಸ ಹೇಳಿ ಮುಗಿಸುವುದಿಲ್ಲ, ಏನು ಇಷ್ಟ, ಏನು ಕಷ್ಟ ಅಂತ ಹೇಳುತ್ತಾರೆ. ಅಮೆಲಿಯ ಅಪ್ಪನಿಗೆ ಟೂಲ್ ಬಾಕ್ಸ್ ಖಾಲಿ ಮಾಡಿ, ಒರೆಸಿ, ಎಲ್ಲವನ್ನೂ ಮತ್ತೆ ಜೋಡಿಸುವುದು ಇಷ್ಟ. ಅಮ್ಮನಿಗೆ ಅದೇ ಕೆಲಸ ಕೈಚೀಲದ ಮೇಲೆ. ಅಮೆಲಿಗೆ ಅಂಗಡಿ ಮುಂದಿನ ಕಾಳಿನ ಮೂಟೆಯೊಳಗೆ ಕೈ ಇಳಿಸುವುದು ಇಷ್ಟ. ಇದನ್ನು ಮೊದಲ ಸಲ ನೋಡಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮೂರ ದಿನಸಿ ಅಂಗಡಿಯಲ್ಲಿ ಕಡಲೆಕಾಳಿನ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ಶೆಟ್ಟರಿಂದ ಬೈಸಿಕೊಂಡ ಕೈ ಇದು. ತಣ್ಣಗೆ, ಜಾರುವ ಹಾಗೆ, ಯಾರೋ ಒಳಗಿನಿಂದ ಬೆರಳು ಹಿಡಿದ ಹಾಗೆ.

ನೀವೂ ಹಾಗೆ ಬರೆಯಿರಿ. ನಿಮ್ಮವರಿಗೆ ಇಷ್ಟವಾದ ಐದು, ಕಷ್ಟವಾದ ಐದು. ‘ಮುದ್ದೆ ಇಷ್ಟ, ಕ್ರಿಕೆಟ್ ಇಷ್ಟ’ ನಡೆಯುವುದಿಲ್ಲ, ಅದು ಮತ್ತೆ ಗೋಧಿ ಬಣ್ಣವೇ ಆಯಿತು. ಅಂಗಡಿ ಶಟರ್ ಎಳೆದಮೇಲೆ ಬೀಗವನ್ನು ಎಷ್ಟು ಸಲ ಜಗ್ಗಿ ನೋಡುತ್ತಾರೆ, ಯಾವ ಗಿರಾಕಿಯ ಧ್ವನಿ ಕೇಳಿದರೆ ಮುಖ ಹುಳ್ಳಗಾಗುತ್ತದೆ, ಅಂಥವು. ಹೆಚ್ಚಿನವರು ಮೂರಕ್ಕೇ ನಿಂತುಬಿಡುತ್ತಾರೆ. ಪೆನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ನಾನೂ ಮೊದಲ ಸಲ ನಾಲ್ಕಕ್ಕೆ ನಿಂತೆ, ಮದುವೆಯಾಗಿ ಹನ್ನೊಂದು ವರ್ಷ ಆಗಿತ್ತು.

ಅಮೆಲಿ ಬಗ್ಗೆ ಇನ್ನೊಂದು ಮಾತಿದೆ, ಅದು ನಿಮಗೆ ಸ್ವಲ್ಪ ಕಹಿ ಆಗಬಹುದು. ಆ ಹುಡುಗಿ ಬೇರೆಯವರ ಬದುಕಿನಲ್ಲಿ ಕೈ ಹಾಕಿ ಎಲ್ಲರನ್ನೂ ಸರಿ ಮಾಡುತ್ತಾಳೆ. ತಾನು ಇಷ್ಟಪಟ್ಟವನು ಎದುರಿಗೆ ಬಂದು ನಿಂತಾಗ ಮಾತ್ರ ಅಡಗಿಕೊಳ್ಳುತ್ತಾಳೆ. ನೋಡುವುದರಲ್ಲಿ ಜಾಣೆ, ಕಾಣಿಸಿಕೊಳ್ಳುವುದಕ್ಕೆ ಭಯ. ರಾತ್ರಿ ಹತ್ತರ ಮೇಲೆ, ಪಕ್ಕದಲ್ಲಿ ಮನುಷ್ಯ ಮಲಗಿರುವಾಗ, ಇಯರ್‌ಫೋನ್ ಹಾಕಿಕೊಂಡು ಸಿನಿಮಾ ನೋಡುತ್ತೀರಲ್ಲ, ಅಲ್ಲಿ ನಿಮಗೆ ಏನು ಇಷ್ಟ ಅನ್ನುವುದು ಅವರಿಗೆ ಗೊತ್ತಾ? ನಿಮ್ಮ ಹೆಸರಿನಲ್ಲಿ ಅವರು ಐದು ಬರೆಯಬಲ್ಲರಾ? ಬರೆಯಲಾರರು ಅಂದರೆ ತಪ್ಪು ಅವರೊಬ್ಬರದ್ದೇನಾ?

ನೆನಪು ಅಳಿಸಿಕೊಳ್ಳುವವರ ಸಿನಿಮಾ ಅಂದಿರಿ. ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ ಇರಬೇಕು. 2004ರದ್ದು, ಮಿಶೆಲ್ ಗಾಂಡ್ರಿ ನಿರ್ದೇಶನ, ಚಾರ್ಲಿ ಕಾಫ್‌ಮನ್ ಚಿತ್ರಕಥೆ. ಜೋಯಲ್ ಮತ್ತು ಕ್ಲೆಮೆಂಟೈನ್ ಜಗಳವಾಡಿ ಬೇರೆಯಾಗುತ್ತಾರೆ. ಅವಳು ಕ್ಲಿನಿಕ್ಕಿಗೆ ಹೋಗಿ ಅವನ ನೆನಪನ್ನೇ ತೆಗೆಸಿಕೊಳ್ಳುತ್ತಾಳೆ. ಸಿಟ್ಟಿಗೆ ಅವನೂ ಹೋಗುತ್ತಾನೆ. ಈ ಸಿನಿಮಾ ಅಂದರೆ ಎಲ್ಲರಿಗೂ ಹೆಪ್ಪುಗಟ್ಟಿದ ನದಿಯ ಮೇಲೆ ಇಬ್ಬರೂ ಅಂಗಾತ ಮಲಗಿರುವುದು ನೆನಪಾಗುತ್ತದೆ. ಮೊಬೈಲಿನ ವಾಲ್‌ಪೇಪರ್‌ಗೆ ಹಾಕಿಕೊಳ್ಳುವಂಥ ಚಿತ್ರ, ಚೆಂದವಾಗಿದೆ. ಆದರೆ ನನ್ನ ಕೆಲಸದವರಿಗೆ ಮುಖ್ಯವಾದದ್ದು ಕೊನೆಯ ಹತ್ತು ನಿಮಿಷ.

ಇಬ್ಬರೂ ಒಬ್ಬರನ್ನೊಬ್ಬರು ಮರೆತಿದ್ದಾರೆ. ಮತ್ತೆ ಹೊಸಬರ ಹಾಗೆ ಭೇಟಿಯಾಗಿದ್ದಾರೆ, ಮತ್ತೆ ಇಷ್ಟವಾಗಿದೆ. ಅಷ್ಟರಲ್ಲಿ ಕ್ಲಿನಿಕ್ಕಿನ ಹುಡುಗಿ ಕಳಿಸಿದ ಟೇಪುಗಳು ಕೈಗೆ ಬರುತ್ತವೆ. ನೆನಪು ತೆಗೆಸುವ ಮುಂಚೆ ಇವರೇ ಮಾತಾಡಿದ್ದು. ಅದರಲ್ಲಿ ಅವಳು ಅವನನ್ನು ಬೋರು ಅನ್ನುತ್ತಾಳೆ (ನಿಮ್ಮ ದೂರೂ ಅದೇ). ಅವನು ಅವಳ ಬಗ್ಗೆ ಅದಕ್ಕಿಂತ ಕೆಟ್ಟದಾಗಿ ಮಾತಾಡಿರುತ್ತಾನೆ. ಇನ್ನೂ ಶುರುವೇ ಆಗದ ಪ್ರೀತಿ ಹೇಗೆ ಹಳಸುತ್ತದೆ ಅನ್ನುವುದನ್ನು ಅವರು ತಮ್ಮದೇ ಧ್ವನಿಯಲ್ಲಿ ಕೇಳುತ್ತಾರೆ. ಅವಳು ಎದ್ದು ಹೋಗುತ್ತಾಳೆ. ಅವನು ಕಾರಿಡಾರಿನಲ್ಲಿ ತಡೆಯುತ್ತಾನೆ. ಮುಂದೆ ನಿನಗೆ ನಾನು ಸಾಕಾಗುತ್ತೇನೆ, ನನಗೆ ನೀನು ಬೋರಾಗುತ್ತೀಯ ಅನ್ನುತ್ತಾಳೆ ಅವಳು. ಅವನು ‘ಸರಿ’ ಅನ್ನುತ್ತಾನೆ. ಅವಳೂ ಅಳುತ್ತಾ ನಗುತ್ತಾ ‘ಸರಿ’ ಅನ್ನುತ್ತಾಳೆ.

ನನ್ನ ಕೋಣೆಗೆ ಬರುವವರೆಲ್ಲ ಒಂದೊಂದು ಟೇಪ್ ತರುತ್ತಾರೆ. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕುತ್ತಾರೆ, ತವರುಮನೆ ವಿಷಯ ಎತ್ತಿದರೆ ಮುಖ ಊದುತ್ತೆ, ಫೋನಿನಲ್ಲಿ ಜೋರಾಗಿ ಮಾತಾಡ್ತಾರೆ. ವರ್ಷಗಟ್ಟಲೆ ಕೇಳಿ ನನಗೆ ಅನ್ನಿಸಿದ್ದು, ಟೇಪಿನಲ್ಲಿ ಏನಿದೆ ಅನ್ನುವುದರ ಮೇಲೆ ಏನೂ ನಿಂತಿಲ್ಲ. ಭಯಂಕರ ಪಟ್ಟಿ ತಂದವರು ನಗುತ್ತಾ ಮನೆಗೆ ಹೋಗಿದ್ದಾರೆ. ಎರಡೇ ಎರಡು ದೂರು ತಂದವರು ಬೇರೆಯಾಗಿದ್ದಾರೆ. ಕೇಳಿದಮೇಲೆ ಆ ‘ಸರಿ’ ಬಾಯಿಗೆ ಬಂತಾ ಇಲ್ಲವಾ ಅಂತ ನಾನು ನೋಡುತ್ತೇನೆ. ಬಂದಾಗ ಕೋಣೆಯಲ್ಲಿ ಗಾಳಿ ಆಡಿದ ಹಾಗಾಗುತ್ತದೆ. ಬರಲಿಲ್ಲ ಅಂದರೆ ಬಲವಂತ ಮಾಡಬಾರದು. ಹಾಗಂತ ನೀವು ಈ ಪತ್ರವನ್ನು ಅವರ ಮುಂದೆ ಓದಬೇಡಿ. ಸಿನಿಮಾದವರಿಗೆ ಮರೆಯುವ ಸೌಕರ್ಯ ಇತ್ತು.

ಇಷ್ಟು ಹೇಳಿದ್ದಕ್ಕೆ ವಿಚಿತ್ರ ಜನರೆಲ್ಲ ದೇವರು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ತಿರುಗುವ ಮುದುಕ ಅಂದಿರಲ್ಲ, ‘ತಿಥಿ’ಯ ಗಡ್ಡಪ್ಪ ತಾನೇ? ರಾಮ್ ರೆಡ್ಡಿ ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ತೆಗೆದ ಸಿನಿಮಾ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದದ್ದು. ಗಡ್ಡಪ್ಪ ನನಗೂ ಇಷ್ಟ. ಆಸ್ತಿ ಬೇಡ, ಮನೆ ಬೇಡ, ಅಪ್ಪ ಸೆಂಚುರಿ ಗೌಡ ಸತ್ತ ಅಂದರೂ ನಡೆಯುತ್ತಲೇ ಇರುತ್ತಾನೆ. ಯಾಕೆ ಹಾಗಾದ ಅನ್ನುವುದನ್ನು ಕುರಿಗಾಹಿಗಳ ಮುಂದೆ ಬೆಂಕಿ ಕಾಯಿಸುತ್ತಾ ಅವನೇ ಹೇಳುತ್ತಾನೆ. ಆ ರಾತ್ರಿಯ ಮಾತು ಕೇಳಿದಮೇಲೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ.

ಆದರೆ ಇನ್ನೊಂದು ಸಲ ನೋಡುವಾಗ ಮಗ ತಮ್ಮಣ್ಣನ ಮೇಲೆ ಕಣ್ಣಿಡಿ. ತಿಥಿ ಊಟಕ್ಕೆ ಓಡಾಡಬೇಕು, ಸಾಲ ಮಾಡಬೇಕು, ಜಮೀನು ಮಾರಲು ಅಪ್ಪ ಬದುಕಿರುವಾಗಲೇ ಸುಳ್ಳು ಮರಣ ಪತ್ರ ಮಾಡಿಸಬೇಕು. ಗಡ್ಡಪ್ಪ ಆರಾಮಾಗಿ ತಿರುಗಲಿಕ್ಕೆ ತಮ್ಮಣ್ಣ ಓಡಾಡಬೇಕು. ಸಿನಿಮಾ ನೋಡುವ ನಾವು ಗಡ್ಡಪ್ಪನ ಫೋಟೋ ಹಾಕಿಕೊಳ್ಳುತ್ತೇವೆ, ಮನೆ ನಡೆಯುವುದು ತಮ್ಮಣ್ಣನಿಂದ. ಪೆಟ್ರೋಲ್ ಲೆಕ್ಕ ಬರೆಯುವ ನಿಮ್ಮವರು ಯಾವ ಕಡೆಯವರು ಅಂತ ನಾನು ಬೇರೆ ಹೇಳಬೇಕಾ?

ಇಂಥ ಸಿನಿಮಾಗಳಿಗೆ ಇನ್ನೊಂದು ರೋಗ ಇದೆ. ಸಪ್ಪೆ ಮುಖದ ಗಂಡಸಿನ ಬದುಕಿಗೆ ಬಣ್ಣ ತುಂಬಲು ಎಲ್ಲಿಂದಲೋ ಒಬ್ಬ ಕುಣಿಯುವ, ನಗುವ, ಕೂದಲಿಗೆ ಬಣ್ಣ ಹಚ್ಚಿದ ಹುಡುಗಿ ಬರುತ್ತಾಳೆ. ಅವಳಿಗೆ ಸ್ವಂತ ಕೆಲಸ, ಸ್ವಂತ ನೋವು ಏನೂ ಇರುವುದಿಲ್ಲ. 2007ರಲ್ಲಿ ನೇಥನ್ ರೇಬಿನ್ ಅನ್ನುವ ಅಮೆರಿಕದ ವಿಮರ್ಶಕ ಇಂಥ ಪಾತ್ರಕ್ಕೆ ಒಂದು ಅಡ್ಡಹೆಸರು ಇಟ್ಟರು. ಅದು ಎಷ್ಟು ಹರಡಿತೆಂದರೆ, ಕಂಡಕಂಡ ಪಾತ್ರಕ್ಕೆಲ್ಲ ಜನ ಅದನ್ನೇ ಅಂಟಿಸತೊಡಗಿದರು. 2014ರಲ್ಲಿ ರೇಬಿನ್ ಅವರೇ ಕ್ಷಮೆ ಕೇಳಿದರು. ಕ್ಲೆಮೆಂಟೈನ್ ಅಂತೂ ಜೋಯಲ್‌ಗೆ ಮುಖಕ್ಕೇ ಹೇಳುತ್ತಾಳೆ, ನಿನ್ನ ಬದುಕು ತುಂಬಲು ನಾನು ಬಂದಿಲ್ಲ, ನಾನೇ ನೆಮ್ಮದಿ ಹುಡುಕುತ್ತಿದ್ದೇನೆ ಅಂತ. ಹೆಂಗಸರು ನಾವು ಇದನ್ನು ಕೇಳಿ ಚಪ್ಪಾಳೆ ಹೊಡೆಯುತ್ತೇವೆ. ನಿಮ್ಮವರಿಂದ ನೀವು ಕೇಳುತ್ತಿರುವುದೂ ಹೆಚ್ಚುಕಡಿಮೆ ಅದೇ ಅಲ್ವಾ, ನನ್ನ ಸಂಜೆಗೆ ಬಣ್ಣ ತುಂಬಿ ಅಂತ?

ಗೊಂಬೆಯ ಸಿನಿಮಾ ಮರೆತೆ. ‘ಲಾರ್ಸ್ ಅಂಡ್ ದಿ ರಿಯಲ್ ಗರ್ಲ್’, 2007. ಲಾರ್ಸ್ ಒಂದು ಆಳೆತ್ತರದ ಗೊಂಬೆ ತರಿಸಿಕೊಂಡು ಇವಳು ನನ್ನ ಗೆಳತಿ ಬಿಯಾಂಕಾ ಅನ್ನುತ್ತಾನೆ. ಅಣ್ಣ ತಲೆ ಚಚ್ಚಿಕೊಳ್ಳುತ್ತಾನೆ. ವೈದ್ಯೆ ಹೇಳುತ್ತಾಳೆ, ಸದ್ಯಕ್ಕೆ ಅವನ ಜೊತೆ ನಡೆಯಿರಿ. ಊರೇ ನಡೆಯುತ್ತದೆ. ಬಿಯಾಂಕಾಗೆ ಬಟ್ಟೆ, ಬಿಯಾಂಕಾಗೆ ಕೆಲಸ, ಬಿಯಾಂಕಾಗೆ ಚರ್ಚಿನಲ್ಲಿ ಜಾಗ. (ನಿಜ ಜೀವನದಲ್ಲಿ ಯಾರಿಗಾದರೂ ಹೀಗಾದರೆ ಊರೆಲ್ಲ ಸೇರಿ ನಾಟಕ ಆಡುವುದಲ್ಲ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಇದನ್ನು ಹೇಳದಿದ್ದರೆ ನನ್ನ ಕೆಲಸಕ್ಕೆ ಮೋಸ.) ಗೊಂಬೆಗೆ ಕಾಯಿಲೆ ಜೋರಾದಾಗ ಊರಿನ ಮೂವರು ಹೆಂಗಸರು ಅಡುಗೆ ಮಾಡಿಕೊಂಡು ಬಂದು ಲಾರ್ಸ್ ಮನೆಯಲ್ಲಿ ಸುಮ್ಮನೆ ಕೂರುತ್ತಾರೆ, ಉಲ್ಲನ್ ಹೆಣೆಯುತ್ತಾ. ನಾನೇನು ಮಾಡಬೇಕು ಅಂತ ಅವನು ಕೇಳುತ್ತಾನೆ. ನೀನು ಊಟ ಮಾಡು, ನಾವು ಕೂರಲು ಬಂದಿದ್ದೇವೆ ಅನ್ನುತ್ತಾರೆ. ನಮ್ಮ ಕಡೆ ಸಾವಿನ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ತಂದಿಟ್ಟು ಗೋಡೆಗೆ ಒರಗಿ ಕೂರುತ್ತಾರಲ್ಲ, ಥೇಟ್ ಅದೇ. ನನ್ನ ಕಣ್ಣಲ್ಲಿ ನೀರು ಬಂದದ್ದು ಗೊಂಬೆಗಾಗಿ ಅಲ್ಲ, ಆ ಹೆಂಗಸರಿಗಾಗಿ.

ನನ್ನದೇ ಒಂದು ಕಥೆ ಹೇಳುತ್ತೇನೆ. ಮದುವೆಯಾದ ಹೊಸತು, ಬೆಂಗಳೂರಿನಲ್ಲಿದ್ದೆವು. ಒಂದು ಫಿಲ್ಮ್ ಸೊಸೈಟಿಯಲ್ಲಿ ಯಾವುದೋ ಯುರೋಪಿನ ಕಪ್ಪುಬಿಳುಪು ಸಿನಿಮಾ. ನಮ್ಮನೆಯವರನ್ನು ಎಳೆದುಕೊಂಡು ಹೋದೆ. ಹೊರಗೆ ಬಂದಮೇಲೆ ಹೇಗಿತ್ತು ಅಂತ ಕೇಳಿದೆ. ‘ಹಾಲ್‌ನಲ್ಲಿ ಆರು ಫ್ಯಾನ್ ಇದ್ವು’ ಅಂದರು. ಎರಡು ದಿನ ಮಾತು ಬಿಟ್ಟೆ. ಗೆಳತಿಯರ ಮುಂದೆ ಇದನ್ನು ಜೋಕ್ ಮಾಡಿ ಹೇಳಿಕೊಂಡು ತಿರುಗಿದೆ. ಎಷ್ಟೋ ವರ್ಷ ಆದಮೇಲೆ ಅತ್ತೆ ಮಾತಿಗೆ ಹೇಳಿದರು, ಅವತ್ತು ಅವನು ಬೆಳಗಿನ ಪಾಳಿಗೆ ನಾಲ್ಕಕ್ಕೇ ಎದ್ದು ಹೋಗಿದ್ದ, ನೀನು ಕಾಯ್ತೀಯ ಅಂತ ಊಟ ಮಾಡದೇ ನೇರ ಬಂದಿದ್ದ ಅಂತ. ಫ್ಯಾನ್ ಎಣಿಸಿದ್ದು ನಿದ್ದೆ ತಡೆಯಲಿಕ್ಕೆ! ನಾನು ಕೇಳಿರಲಿಲ್ಲ. ಅವರು ಹೇಳಿರಲಿಲ್ಲ.

ಸರಿ, ಈಗ ಏನು ಮಾಡಬೇಕು ಅಂತ ಕೇಳುತ್ತೀರಿ. ಸಿನಿಮಾ ಬಿಡಬೇಡಿ. ಅವು ನಿಮ್ಮ ತಲೆ ಕೆಡಿಸಿಲ್ಲ. ಬಳಸುವ ರೀತಿ ಸ್ವಲ್ಪ ಬದಲಿಸಿ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ರೊನಾಲ್ಡ್ ರೋಗ್ ಮತ್ತು ಸಂಗಡಿಗರು 174 ಹೊಸ ಜೋಡಿಗಳನ್ನು ಮೂರು ವರ್ಷ ಗಮನಿಸಿದರು. 2013ರಲ್ಲಿ ಫಲಿತಾಂಶ ಹೊರಗೆ ಬಂತು. ಕೆಲವರಿಗೆ ತಜ್ಞರಿಂದ ಜಗಳ ನಿಭಾಯಿಸುವ ತರಬೇತಿ, ಕೆಲವರಿಗೆ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವ ತರಬೇತಿ. ಇನ್ನು ಕೆಲವರಿಗೆ ದಾಂಪತ್ಯದ ಕಥೆ ಇರುವ 47 ಸಿನಿಮಾಗಳ ಪಟ್ಟಿ ಕೊಟ್ಟು, ಒಂದು ತಿಂಗಳು ವಾರಕ್ಕೊಂದು ನೋಡಿ, ಆಮೇಲೆ ಮುಕ್ಕಾಲು ಗಂಟೆ ಮಾತಾಡಿ ಅಂದರು. ಏನೂ ಮಾಡದೆ ಬಿಟ್ಟ ಜೋಡಿಗಳಲ್ಲಿ ಮೂರು ವರ್ಷದಲ್ಲಿ ಶೇ. 24ರಷ್ಟು ಬೇರೆಯಾದರು. ಉಳಿದ ಗುಂಪುಗಳಲ್ಲಿ ಶೇ. 11ರಷ್ಟು. ಸಿನಿಮಾ ಗುಂಪು ತರಬೇತಿಯವರಿಗೆ ಏನೂ ಕಡಿಮೆ ಇರಲಿಲ್ಲ. ಇದನ್ನು ಓದಿದಾಗ ನನ್ನ ಫೀಸಿನ ಗತಿ ಏನು ಅಂತ ಒಂದು ಕ್ಷಣ ಯೋಚನೆ ಆಯಿತು.

ಅಮೆರಿಕದ ಹೊಸ ಜೋಡಿಗಳ ಲೆಕ್ಕ ದಾವಣಗೆರೆಗೆ ಹಾಗ್ಹಾಗೇ ಹೊಂದುತ್ತದೆ ಅನ್ನಲಾರೆ. ಆದರೆ ಒಂದು ಮಾತು ಗಮನಿಸಿ. ಅಲ್ಲಿ ಅರ್ಧ ಕೆಲಸ ಆಮೇಲಿನ ಮುಕ್ಕಾಲು ಗಂಟೆಯದು. ನಿಮ್ಮ ರಾತ್ರಿಗಳಲ್ಲಿ ಸಿನಿಮಾ ಇದೆ, ಆ ಮುಕ್ಕಾಲು ಗಂಟೆ ಇಲ್ಲ.

‘ಲಾಬ್‌ಸ್ಟರ್’ ಕಡೆಗೆ ಹೋಗಬೇಡಿ. ‘ಒಂದು ಮೊಟ್ಟೆಯ ಕಥೆ’ಯಿಂದ ಶುರು ಮಾಡಿ. ರಾಜ್ ಬಿ. ಶೆಟ್ಟಿ 2017ರಲ್ಲಿ ಮಾಡಿದ್ದು, ಮಂಗಳೂರಿನ ಬೋಳುತಲೆಯ ಕನ್ನಡ ಮೇಷ್ಟ್ರ ಕಥೆ. ತಲೆ ನೋಡಿ ಹುಡುಗಿಯರು ಬೇಡ ಅಂದರೆ ಅವನಿಗೆ ನೋವು. ದಪ್ಪಗಿರುವ ಹುಡುಗಿ ಎದುರು ಬಂದರೆ ಹಿಂಜರಿಯುವವನೂ ಅವನೇ. ನಿಮ್ಮವರು ನಗುತ್ತಾರೆ, ನಿದ್ದೆ ಬರುವುದಿಲ್ಲ. ಭಾನುವಾರ ಮಧ್ಯಾಹ್ನ ನೋಡಿ, ಊಟಕ್ಕೆ ಮುಂಚೆ, ಟಿವಿಯಲ್ಲಿ. ಮುಗಿದಮೇಲೆ ‘ಹೇಗಿತ್ತು’ ಅಂತ ಮಾತ್ರ ಕೇಳಬೇಡಿ, ‘ಚೆನ್ನಾಗಿತ್ತು’ ಅಂತ ಬಾಗಿಲು ಮುಚ್ಚಿಹೋಗುತ್ತದೆ. ‘ನನ್ನನ್ನು ನೋಡಲು ಬಂದ ದಿನ ನಿಮಗೆ ಏನನ್ನಿಸಿತು?’ ಅಂತ ಕೇಳಿ. ನಿಮಗೆ ಅನ್ನಿಸಿದ್ದನ್ನೂ ಹೇಳಿ. ಅವರ ಸರದಿಯಲ್ಲಿ ಅವರು ಆರಿಸಿದ್ದನ್ನು ನೋಡಬೇಕು, ಕ್ರಿಕೆಟ್ ಆದರೂ ಸರಿ. ನಿಮಗೆ ನಿದ್ದೆ ಬಂದರೆ ಲೆಕ್ಕ ಚುಕ್ತಾ.

ಪ್ರೀತಿ ಇದೆಯಾ ಇಲ್ಲವಾ ಅನ್ನುವುದನ್ನು ನಾನು ಒಂದು ಪತ್ರ ನೋಡಿ ಹೇಳಲಾರೆ. ಹೇಳಿದರೆ ಅದು ಕಣಿ ಆಗುತ್ತದೆ. ನೀವು ಮಾತಾಡಿದಾಗೆಲ್ಲ ಅವರು ಹೀಯಾಳಿಸುತ್ತಿದ್ದರೆ, ನಿಮ್ಮ ಫೋನು, ದುಡ್ಡು, ಓಡಾಟಕ್ಕೆ ಕಾವಲು ಹಾಕುತ್ತಿದ್ದರೆ, ಕೈ ಎತ್ತುತ್ತಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು, ಸಿನಿಮಾ ಮಾತೇ ಬರುತ್ತಿರಲಿಲ್ಲ. ಅಂಥದ್ದೇನೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಮೂರು ನಾಲ್ಕು ತಿಂಗಳು ಮಾತಾಡಿ ನೋಡಿದಮೇಲೂ ಮನೆಯಲ್ಲಿ ಒಂಟಿ ಅನ್ನಿಸಿದರೆ ಇಬ್ಬರೂ ಸೇರಿ ನಿಮ್ಮೂರಿನ ಒಬ್ಬ ಆಪ್ತ ಸಮಾಲೋಚಕರನ್ನು ನೋಡಿ. ಒಬ್ಬರೇ ಹೋಗಿ ಟೇಪ್ ಮಾಡಿಸಿ ಬರಬೇಡಿ.

ಆ ಡೈರಿ ತೆರೆದು ನೋಡುವುದಾದರೆ ಅವರನ್ನು ಕೇಳಿಯೇ ತೆರೆಯಿರಿ. ಮೊದಲ ಪುಟದಿಂದ ಬೇಡ, ನಿಮ್ಮ ಮದುವೆಯಾದ ತಿಂಗಳಿನಿಂದ. ಆ ತಿಂಗಳು ಸ್ಕೂಟರ್ ಎಲ್ಲೆಲ್ಲಿಗೆ ಹೋಗಿತ್ತು, ಕೇಳಿ. ನನಗೆ ಮತ್ತೆ ಬರೆಯುವಾಗ ಈಗ ಮೈಲೇಜ್ ಎಷ್ಟು ಬರುತ್ತಿದೆ ಅಂತ ತಿಳಿಸಿ. ನಮ್ಮನೆಯವರೂ ಕೇಳುತ್ತಿದ್ದಾರೆ, ಅವರ ಸ್ಕೂಟರ್ 42 ದಾಟುತ್ತಿಲ್ಲವಂತೆ.